ಅಗ್ಗದ ಪೆಟ್ಟಿಗೆ, ಬಿಸಿ ಬೆಸುಗೆ

ಹಾಡುಗಾರ ಪಲ್ಲವಿಯನ್ನು ಪಿಸುದನಿಯಲ್ಲಿ ಎತ್ತಿಕೊಂಡು ಚರಣಕ್ಕೆ ಬರುವಷ್ಟರಲ್ಲಿ ಗಂಟಲು ಬಿಟ್ಟು ಹಾಡತೊಡಗಿದರೆ, ಹಿಂದೆ ಸ್ಟುಡಿಯೊದ ಎಂಜಿನಿಯರ್ ಫೇಡರಿನ ಮೇಲೆ ಬೆರಳಿಟ್ಟೇ ಕಾದಿರಬೇಕಿತ್ತು. ದನಿ ಏರಿತೋ, ಫೇಡರ್ ಕೆಳಕ್ಕೆ, ಇಳಿಯಿತೋ, ಮೇಲಕ್ಕೆ. ಆ ಬೆರಳಿನ ಕೆಲಸವನ್ನು ತಾನೇ ಮಾಡುವ ಯಂತ್ರ ಕಂಪ್ರೆಸರ್. ಅಮೆರಿಕದ ಬಿಲ್ ಪಟ್ನಮ್ 1967ರ ಸುಮಾರಿಗೆ ಹೊರತಂದ 1176 ಎಂಬ ಮಾದರಿ ಸದ್ದು ಮಿತಿ ಮೀರಿದ 20 ಮೈಕ್ರೋಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಐವತ್ತು ಸಾವಿರದಲ್ಲೊಂದು ಪಾಲಿನಲ್ಲಿ, ಹಿಡಿತ ಬಿಗಿಯಬಲ್ಲದು. ಅದಕ್ಕೂ ಹಿರಿಯದಾದ ಎಲ್‌ಎ-2ಎ ಯಂತ್ರದಲ್ಲಿ ಸದ್ದಿಗೆ ತಕ್ಕಂತೆ ಬೆಳಗುವ ಪುಟ್ಟ ಫಲಕ, ಆ ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್ ಇವೆ. ಅದರ ಹಿಡಿತ ನಿಧಾನ, ಮೆದು. ಇವೆರಡೂ ಇಂದಿಗೂ ತಯಾರಾಗುತ್ತಿವೆ. ಬೆಲೆ ಮಾತ್ರ ಲಕ್ಷ ರೂಪಾಯಿ ದಾಟಿದ್ದು.

ಮನೆಯ ಕೋಣೆಯಲ್ಲೇ ಸ್ಟುಡಿಯೊ ಕಟ್ಟಿಕೊಂಡವರು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಅವರಿಗಾಗಿ ಬಂದವು ಅಗ್ಗದ ಕಂಪ್ರೆಸರ್‌ಗಳು. ಅವನ್ನು ಕೊಂಡು, ಮುಚ್ಚಳ ಬಿಚ್ಚಿ, ಒಳಗಿನ ಬಿಡಿಭಾಗ ಬದಲಿಸಿ ಸದ್ದನ್ನು ಸುಧಾರಿಸಿಕೊಳ್ಳುವ ಕಸುಬೂ ಬೆನ್ನಿಗೇ ಬಂತು. ಬಲ್ಲವರ ಬಾಯಲ್ಲಿ ಇದು ‘ಮಾಡ್’. ಷಿಕಾಗೋದ ಬ್ಲ್ಯಾಕ್ ಲಯನ್ ಆಡಿಯೊದಂಥ ಸಂಸ್ಥೆಗಳು ಬೇರೆಯವರ ಯಂತ್ರಗಳನ್ನು ಹೀಗೆ ತಿದ್ದುವುದರಿಂದಲೇ ಹೆಸರು ಮಾಡಿದವು. ಆದರೆ ಈ ಕಸುಬಿನ ನಿಜವಾದ ಮನೆ ಹವ್ಯಾಸಿಯ ಮೇಜು.

ಆ ಮೇಜಿನ ಮೇಲೆ ಹೆಚ್ಚಾಗಿ ಕಾಣಸಿಗುವ ಪೆಟ್ಟಿಗೆ ಅಲೆಸಿಸ್ 3630. ಈ ಕಂಪನಿ ಕಟ್ಟಿದ ಕೀತ್ ಬಾರ್ ಅದಕ್ಕೂ ಮೊದಲು ಗಿಟಾರ್ ಪೆಡಲ್‌ಗಳ ಎಂಎಕ್ಸ್‌ಆರ್ ಕಂಪನಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ದುಬಾರಿ ಸ್ಟುಡಿಯೊ ಸಾಮಗ್ರಿಯನ್ನು ಸಾಮಾನ್ಯರ ಕೈಗೆಟುಕಿಸುವುದೇ ಅವರ ವ್ಯಾಪಾರದ ಗುಟ್ಟು. ತೊಂಬತ್ತರ ದಶಕದಲ್ಲಿ ಮನೆ ಸ್ಟುಡಿಯೊಗಳನ್ನು ಹೊಕ್ಕ 3630ರಲ್ಲಿ ಎರಡು ಚಾನೆಲ್, ಜೊತೆಗೆ ಸದ್ದು ತೀರಾ ತಗ್ಗಿದಾಗ ಬಾಗಿಲು ಮುಚ್ಚುವ ಗೇಟ್, ಸಾಲು ಎಲ್‌ಇಡಿ, ವಿದ್ಯುತ್ತಿಗೆ 9 ವೋಲ್ಟ್ ಎಸಿ ಅಡಾಪ್ಟರ್. ಬೈದವರು ಬಹಳ, ಮಾರಿದವರು ಕಡಿಮೆ. ಪ್ಯಾರಿಸ್ಸಿನ ಡ್ಯಾಫ್ಟ್ ಪಂಕ್ ಜೋಡಿ ತಮ್ಮ ಕುಣಿತದ ಹಾಡುಗಳಿಗೆ ಬಳಸಿದ್ದೂ ಇದನ್ನೇ. ಅಲ್ಲಿ ಕಿಕ್ ಡ್ರಮ್ಮಿನ ಪ್ರತಿ ಏಟಿಗೂ ಇಡೀ ಸಂಗೀತ ಉಸಿರೆಳೆದು ಬಿಟ್ಟಂತೆ ಕೇಳಿಸುತ್ತದಲ್ಲ, ಅದು ಇಂಥ ಕಂಪ್ರೆಸರಿನ ಪಂಪಿಂಗ್. ಸಾಧು ಎಂಜಿನಿಯರ್‌ಗಳು ದೋಷ ಎಂದು ದೂರವಿಟ್ಟದ್ದು ಅವರ ಕೈಯಲ್ಲಿ ಶೈಲಿಯಾಯಿತು.

ಮುಚ್ಚಳ ತೆಗೆದರೆ ಎರಡು ದಾರಿ ಗುರುತಿಸಬೇಕು. ಒಂದು, ಹಾಡು ಹಾದುಹೋಗುವ ದಾರಿ. ಇನ್ನೊಂದು ಸೈಡ್‌ಚೈನ್: ಹಾಡನ್ನು ಕದ್ದು ಕೇಳಿ, ಎಷ್ಟು ತಗ್ಗಿಸಬೇಕೆಂದು ಲೆಕ್ಕ ಹಾಕಿ ಆಜ್ಞೆ ಕೊಡುವ ದಾರಿ. ಇವೆರಡೂ ಕೂಡುವ ಜಾಗದಲ್ಲಿ, ಆ ಆಜ್ಞೆಯಂತೆ ಹಾಡಿನ ಮಟ್ಟ ಬದಲಿಸುವ ವಿಸಿಎ ಎಂಬ ಚಿಪ್ ಕೂತಿರುತ್ತದೆ. 1971ರಲ್ಲಿ ಡಿಬಿಎಕ್ಸ್ ಕಂಪನಿ ಕಟ್ಟಿದ ಡೇವಿಡ್ ಬ್ಲ್ಯಾಕ್‌ಮರ್ ರೂಪಿಸಿದ ಬಗೆಯ ವಿಸಿಎ ಸುಮಾರು 6 ಮಿಲಿವೋಲ್ಟ್ ಆಜ್ಞೆಗೆ ಒಂದು ಡೆಸಿಬೆಲ್ ಏರಿಳಿಯುತ್ತದೆ. ಈ ಅಂಕಿಯನ್ನು ನೆನಪಿಡಿ. ಆಜ್ಞೆಯ ತಂತಿಯ ಮೇಲೆ ಎಲ್ಲಿಂದಲೋ ಕೆಲವು ಮಿಲಿವೋಲ್ಟ್ ಕೊಳೆ ಸೇರಿತೆಂದರೆ ಹಾಡಿನ ಮಟ್ಟವೇ ಅಲುಗುತ್ತದೆ.

ಇಷ್ಟಾದರೂ ಹೊಸಬರ ಕೈ ಮೊದಲು ಹೋಗುವುದು ಹಾಡಿನ ದಾರಿಯಲ್ಲಿ ಸದ್ದನ್ನು ವರ್ಧಿಸುವ ಆಪ್-ಆಂಪ್ ಚಿಪ್‌ಗಳ ಮೇಲೆ. ಟಿಎಲ್072 ಕಿತ್ತು ಎನ್‌ಇ5532 ಹಾಕುವುದು ಈ ಲೋಕದ ಅಕ್ಷರಾಭ್ಯಾಸ. ಕಾಗದದ ಮೇಲೆ ಲಾಭ ನಿಜ: ಮೊದಲನೆಯದರ ಗದ್ದಲ 18 ನ್ಯಾನೋವೋಲ್ಟ್ ಲೆಕ್ಕದ್ದಾದರೆ ಎರಡನೆಯದರದು 5. ಆದರೆ ಹೊಸ ಚಿಪ್ಪಿಗೆ ಹಸಿವು ಜಾಸ್ತಿ. ಟಿಎಲ್072 ಸುಮಾರು 3 ಮಿಲಿಆಂಪಿಯರ್ ಕುಡಿದರೆ 5532 ಎಂಟು ಕುಡಿಯುತ್ತದೆ. ಹತ್ತು ಚಿಪ್ ಬದಲಿಸಿದರೆ ಪುಟ್ಟ ಅಡಾಪ್ಟರಿನ ಮೇಲೆ 50 ಮಿಲಿಆಂಪಿಯರ್ ಹೆಚ್ಚಿನ ಹೊರೆ, ರೆಗ್ಯುಲೇಟರ್ ಕೈಸುಡುವಷ್ಟು ಬಿಸಿ. ಅದಲ್ಲದೆ 5532ರ ಇನ್‌ಪುಟ್ಟಿನಲ್ಲಿ ಸುಮಾರು 200 ನ್ಯಾನೋಆಂಪಿಯರ್ ಸದಾ ಹರಿಯುತ್ತಿರುತ್ತದೆ. ಅದು 100 ಕಿಲೋಓಮ್ ದಾಟಬೇಕಾಗಿ ಬಂದರೆ ಅಲ್ಲಿ 20 ಮಿಲಿವೋಲ್ಟ್ ಡಿಸಿ ನಿಂತುಬಿಡುತ್ತದೆ, ನಾಬ್ ತಿರುಗಿಸಿದರೆ ಕರಕರ. ಇದೇ ಚಿಪ್ಪನ್ನು ಸೈಡ್‌ಚೈನಿನಲ್ಲಿ ಹಾಕಿದರಂತೂ ಥ್ರೆಶೋಲ್ಡ್, ಅಂದರೆ ಹಿಡಿತ ಶುರುವಾಗುವ ಮಿತಿ, ತಾನಾಗಿಯೇ ಜಾರೀತು. ಬ್ರೇಕ್ ಸವೆದ ಗಾಡಿಗೆ ಸೀಟ್ ಕವರ್ ಬದಲಿಸಿದ ಹಾಗೆ ಎಂದು ನನಗೆ ಅನ್ನಿಸುವುದು ಇದಕ್ಕೇ.

ಬದಲಿಸಲೇಬೇಕೆಂದಿದ್ದರೆ ಕ್ರಮವಿದೆ. ಅಗ್ಗದ ಬೋರ್ಡಿನ ತಾಮ್ರ ತೆಳು. ಚಿಪ್ಪನ್ನು ಇಡಿಯಾಗಿ ಕೀಳಲು ಹೋದರೆ ಬೆಸುಗೆಯ ಬಿಸಿಗೆ ತಾಮ್ರದ ಬಿಲ್ಲೆಯೇ ಎದ್ದು ಬರುತ್ತದೆ. ಚಿಪ್ ಹೋದರೆ ಹೋಗಲಿ ಎಂದು ಮೊದಲು ಅದರ ಎಂಟೂ ಕಾಲುಗಳನ್ನು ಕಟರಿನಿಂದ ಕತ್ತರಿಸಬೇಕು. ಆಮೇಲೆ ಒಂದೊಂದೇ ಕಾಲನ್ನು ಕಾಯಿಸಿ ಚಿಮುಟದಲ್ಲಿ ಎಳೆಯಬೇಕು. ತೂತುಗಳನ್ನು ಶುಚಿ ಮಾಡಿ ಎಂಟು ಕಾಲಿನ ಸಾಕೆಟ್ ಕೂರಿಸಿದರೆ ಮುಂದೆ ಚಿಪ್ ಬದಲಿಸಲು ಬೆಸುಗೆ ಕಡ್ಡಿಯೇ ಬೇಡ. ಬೋರ್ಡಿನ ಅಡಿಯಲ್ಲಿ 4 ಮತ್ತು 8ನೇ ಕಾಲಿನ ನಡುವೆ 0.1 ಮೈಕ್ರೋಫ್ಯಾರಡ್ಡಿನ ಸೆರಾಮಿಕ್ ಕೆಪಾಸಿಟರ್ ಒಂದನ್ನು ಅಡ್ಡ ಹಾಕುವುದನ್ನು ಮರೆಯಬಾರದು. ಚುರುಕಿನ ಚಿಪ್‌ಗಳು ಅದಿಲ್ಲದಿದ್ದರೆ ಕಿವಿಗೆ ಕೇಳದ ಎತ್ತರದಲ್ಲಿ ತಮ್ಮಷ್ಟಕ್ಕೆ ಊಳಿಡತೊಡಗುತ್ತವೆ. ಸಾಕೆಟ್, ಕೆಪಾಸಿಟರ್ ಎಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಹೆಸರುವಾಸಿ ಚಿಪ್‌ಗಳ ವಿಷಯ ಬೇರೆ. ಹಳೆಯ ಹೆಸರು ಉಜ್ಜಿ ಹೊಸ ಹೆಸರು ಅಚ್ಚೊತ್ತಿದ ನಕಲಿಗಳು ಲೋಕದ ಎಲ್ಲ ಪೇಟೆಗಳಲ್ಲೂ ಇವೆ, ಬಿಲ್ ಕೊಡುವ ಅಧಿಕೃತ ವಿತರಕರೇ ಮೇಲು.

ಆಪ್-ಆಂಪಿಗಿಂತ ಮೊದಲು ನೋಡಬೇಕಾದ್ದು ವಿದ್ಯುತ್ತಿನ ಭಾಗ. ಒಂದೇ 9 ವೋಲ್ಟ್ ಎಸಿಯಿಂದ ಧನ, ಋಣ ಎರಡೂ ಪೂರೈಕೆ ತೆಗೆಯುವ ಯಂತ್ರಗಳು ಸಾಮಾನ್ಯವಾಗಿ ಅರ್ಧ ಅಲೆಯನ್ನು ಇದಕ್ಕೆ, ಇನ್ನರ್ಧವನ್ನು ಅದಕ್ಕೆ ಹಂಚುತ್ತವೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಸಲ ತುಂಬುವ ಕೆಪಾಸಿಟರ್ ನಮ್ಮಲ್ಲಿ 50 ಸಲವಷ್ಟೇ ತುಂಬುತ್ತದೆ, ನಡುವಿನ ಬಿಡುವು ಹೆಚ್ಚು, ಗುಂಯ್‌ಗುಡುವಿಕೆಯೂ ಹೆಚ್ಚು. ಮೇಲಾಗಿ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ವಯಸ್ಸಾದಂತೆ ಒಣಗುತ್ತವೆ, 10 ಡಿಗ್ರಿ ಬಿಸಿ ಏರಿದರೆ ಆಯುಷ್ಯ ಅರ್ಧ. ಮೂವತ್ತು ವರ್ಷ ಹಳೆಯ ಪೆಟ್ಟಿಗೆಗೆ 105 ಡಿಗ್ರಿ ತಾಳುವ, ತುಸು ದೊಡ್ಡ ಅಳತೆಯ ಹೊಸ ಕೆಪಾಸಿಟರ್ ಹಾಕಿದರೆ ಸಾಕು, ಗುಂಯ್ ಶಬ್ದ ಇಳಿಯುವುದು ಬರಿಗಿವಿಗೇ ತಿಳಿದೀತು. ಹೊರದೇಶದಿಂದ ತರಿಸಿದ ಯಂತ್ರದ ಜೊತೆ ಬಂದ 110 ವೋಲ್ಟಿನ ಅಡಾಪ್ಟರನ್ನು ನಮ್ಮ ಗೋಡೆಗೆ ಸಿಕ್ಕಿಸಿದವರಿಗೆ ಮಾತ್ರ ಈ ಯಾವ ಮಾಡ್ ಕೂಡ ಬೇಕಾಗುವುದಿಲ್ಲ.

ವಿಸಿಎಯನ್ನೇ ಬದಲಿಸುವವರೂ ಇದ್ದಾರೆ. ಡಿಬಿಎಕ್ಸ್‌ನಿಂದ ಕವಲೊಡೆದ ದಟ್ ಕಾರ್ಪೊರೇಷನ್ನಿನ 2180, 2181 ಚಿಪ್‌ಗಳು ಇದಕ್ಕೆ ಹೆಸರಾದವು. ಮೊದಲನೆಯದನ್ನು ಕಾರ್ಖಾನೆಯಲ್ಲೇ ಶ್ರುತಿ ಮಾಡಿರುತ್ತಾರೆ. ಎರಡನೆಯದನ್ನು ಟ್ರಿಮ್‌ಪಾಟ್ ತಿರುಗಿಸಿ ವಿಕೃತಿ ಕನಿಷ್ಠವಾಗುವಂತೆ ನಾವೇ ಹೊಂದಿಸಬೇಕು. ಅಳತೆಯ ಉಪಕರಣವಿಲ್ಲದವರು ಅದರ ತಂಟೆಗೆ ಹೋಗದಿರುವುದು ಕ್ಷೇಮ.

ಖರ್ಚು ಅತಿ ಕಡಿಮೆ, ಫಲ ಅತಿ ಹೆಚ್ಚು ಎನ್ನಬಹುದಾದ ಮಾಡ್ ಇರುವುದು ಸೈಡ್‌ಚೈನಿನಲ್ಲಿ. ಸುಗಮ ಸಂಗೀತದ ಒಂದು ಮುದ್ರಣವನ್ನು ಹೀಗೊಂದು ಪೆಟ್ಟಿಗೆಯಲ್ಲಿ ಹಾಯಿಸಿ ನೋಡಿ. ತಬಲಾದ ಡಗ್ಗ ಗುಂ ಎಂದಾಗಲೆಲ್ಲ ಗಾಯಕಿಯ ದನಿ, ಹಾರ್ಮೋನಿಯಂ, ಕೊಳಲು ಎಲ್ಲ ಒಟ್ಟಿಗೆ ಒಳಗೆ ಕುಸಿದು ಮೇಲೇಳುತ್ತವೆ. ತಗ್ಗು ಸ್ವರಗಳಲ್ಲಿ ಶಕ್ತಿ ಜಾಸ್ತಿ, ಕದ್ದು ಕೇಳುವ ಡಿಟೆಕ್ಟರಿಗೆ ಅದೇ ದೊಡ್ಡದಾಗಿ ಕಾಣುತ್ತದೆ. ಡಗ್ಗ ಮಾಡಿದ ಸದ್ದಿಗೆ ದನಿಗೆ ಶಿಕ್ಷೆ. ಡಿಟೆಕ್ಟರಿನ ದಾರಿಯಲ್ಲಿ 0.15 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಕಿಲೋಓಮ್ ರೆಸಿಸ್ಟರ್ ಸೇರಿಸಿದರೆ 106 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಅದರ ಕಿವಿಗೆ ಮೆಲ್ಲಮೆಲ್ಲಗೆ ಕಡಿಮೆಯಾಗುತ್ತದೆ. ಹಾಡಿನ ದಾರಿಯನ್ನು ಮುಟ್ಟಿಲ್ಲವಾದ್ದರಿಂದ ಡಗ್ಗದ ತೂಕ ಹಾಗೇ ಉಳಿಯುತ್ತದೆ, ದನಿ ನೆಟ್ಟಗೆ ನಿಲ್ಲುತ್ತದೆ. 3630ರ ಹಿಂಬದಿಯಲ್ಲಿ ಸೈಡ್‌ಚೈನ್ ಜ್ಯಾಕ್ ಇರುವುದರಿಂದ ಅಲ್ಲಿ ಒಂದು ಈಕ್ವಲೈಸರ್ ಜೋಡಿಸಿದರೆ ಮುಚ್ಚಳ ಬಿಚ್ಚದೆಯೂ ಇದೇ ಫಲ ಪಡೆಯಬಹುದು.

ಮಾಡ್ ಆದಮೇಲೆ ಹಳೆಯದು, ಹೊಸದು ಎರಡನ್ನೂ ಹೋಲಿಸಿ ಕೇಳುವಾಗ ಮಟ್ಟ ಸಮ ಇರಬೇಕು. ಅರ್ಧ ಡೆಸಿಬೆಲ್ ಜೋರಾಗಿರುವುದು ಯಾವಾಗಲೂ ಹೆಚ್ಚು ಇಂಪಾಗಿ ಕೇಳಿಸುತ್ತದೆ. ಮೂರು ಗಂಟೆ ಬೆಸುಗೆ ಹಾಕಿದವನ ಕಿವಿಗಂತೂ ಕೇಳುವುದೇ ಬೇಡ, ಅದು ಮೊದಲೇ ತೀರ್ಪು ಬರೆದಿಟ್ಟಿರುತ್ತದೆ. ಯಾವುದು ಯಾವುದೆಂದು ತಿಳಿಯದಂತೆ ಬೇರೆಯವರಿಂದ ಬದಲಿಸಿ ಕೇಳಿಸಿಕೊಂಡಾಗ ಆಪ್-ಆಂಪಿನ ವ್ಯತ್ಯಾಸ ಹೆಚ್ಚಿನವರಿಗೆ ಕೈಕೊಡುತ್ತದೆ, ಸೈಡ್‌ಚೈನಿನದು ಯಾರಿಗೂ ಕೈಕೊಡುವುದಿಲ್ಲ. ಆದರೆ ಕುಣಿತದ ಹಾಡು ಮಾಡುವವರಿಗೆ ಆ ಕುಸಿದೇಳುವಿಕೆಯೇ ಬೇಕಲ್ಲ! ಅದಕ್ಕೇ ಅನುಭವಸ್ಥರು ಫಿಲ್ಟರಿನ ಜೊತೆಗೆ ಒಂದು ಸಣ್ಣ ಸ್ವಿಚ್ಚನ್ನೂ ಹಾಕಿಕೊಂಡು, ಮುಂಬದಿಯ ತಗಡಿನಲ್ಲಿ ಅದಕ್ಕೊಂದು ತೂತು ಕೊರೆಯುತ್ತಾರೆ.