ಯೆಜ್ಡಿ ಎಂಜಿನ್: ಬಿಚ್ಚುವುದು ಸುಲಭ, ಕೂಡಿಸುವಾಗಲೇ ಪರೀಕ್ಷೆ

ಬಾಪ ಓಡಿಸುತ್ತಿದ್ದ ಜಾವಾ ಅಥವಾ ಯೆಜ್ಡಿ ನಮ್ಮ ಕೆಲವು ಮನೆಗಳ ಶೆಡ್ಡಿನಲ್ಲಿ ಗೋಣಿಚೀಲದ ಮರೆಯಲ್ಲಿ ಇಂದಿಗೂ ನಿಂತಿದೆ. ಗಲ್ಫಿನಿಂದ ರಜೆಯಲ್ಲಿ ಬಂದ ಮಗನಿಗೆ ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ. ಎಂಜಿನ್ ಬಿಚ್ಚಲು ಒಂದು ದಿನ ಸಾಕು. ಕೂಡಿಸುವಾಗ ಎಲ್ಲೋ ಒಂದು ಕಡೆ ಎಡವಟ್ಟಾಗುತ್ತದೆ, ರಜೆ ಮುಗಿಯುತ್ತದೆ, ಡಬ್ಬಿ ತುಂಬಿದ ಬಿಡಿಭಾಗಗಳು ಕೊನೆಗೆ ಗುಜರಿಯವನ ಪಾಲಾಗುತ್ತವೆ. ಹಾಗಾಗಬಾರದೆಂದರೆ ಈ ಎಂಜಿನ್ನಿನ ಗುಣ ನಮಗೆ ಗೊತ್ತಿರಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕ್ ತಯಾರಿಸತೊಡಗಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇದು 250 ಸಿಸಿಯ ಒಂಟಿ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. 'ಅಷ್ಟೇ ತಾನೇ' ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಎಳೆದು ಮೇಲಕ್ಕೆ ತಳ್ಳುವುದು ಅದೇ. ಕೂದಲೆಳೆಯಷ್ಟು ಸಂದಿ ಉಳಿದರೂ ಎಂಜಿನ್ ಸರಿಯಾಗಿ ಓಡದು.

ಕ್ರ್ಯಾಂಕ್ ಬಿಗಿಯಾಗಿದೆಯೇ?

ಎರಡೂ ಕೇಸ್ ಜೋಡಿಸಿದ ಮೇಲೆ ಕ್ರ್ಯಾಂಕ್ ಕೈಯಲ್ಲೇ ಹಗುರವಾಗಿ ತಿರುಗಬೇಕು. ಬಿಗಿ ಅನ್ನಿಸಿದರೆ ಮುಂದುವರಿಯಬೇಡಿ. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿರುವುದು ಇದಕ್ಕೆ ಸಾಮಾನ್ಯ ಕಾರಣ. ಈ ಕ್ರ್ಯಾಂಕ್ ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು, ಒಂದು ಏಟು ಬಿದ್ದರೂ ಅದರ ನೇರ ತಪ್ಪುತ್ತದೆ. ಕೇಸನ್ನು ಹದವಾಗಿ ಬಿಸಿ ಮಾಡಿದರೆ ಬೇರಿಂಗ್ ತಾನಾಗಿಯೇ ಇಳಿದು ಕೂರುತ್ತದೆ.

ಒಂದು ಕೇಸ್ ಒಡೆದಿದೆಯೆಂದು ಗುಜರಿಯಿಂದ ಬೇರೆ ಎಂಜಿನ್ನಿನ ಅರ್ಧ ತಂದು ಸೇರಿಸುವವರೂ ಇದ್ದಾರೆ. ಎರಡೂ ಅರ್ಧಗಳು ಜೋಡಿಯಾಗಿ ಕೊರೆಯಲ್ಪಟ್ಟವು, ಬೇರಿಂಗಿನ ರಂಧ್ರಗಳು ಒಂದೇ ಸಾಲಿಗೆ ಬರಲಾರವು. ಎಂಜಿನ್ ನಂಬರ್ ಬದಲಾದರೆ ಆರ್‌ಸಿಗೆ ತಾಳೆಯಾಗದೆ ಆರ್‌ಟಿಒ ಕಚೇರಿಗೆ ಅಲೆಯಬೇಕಾದೀತು.

ಗೇರ್ ಬೀಳುತ್ತಿಲ್ಲವೇ?

ಕೇಸ್ ಮುಚ್ಚಿದ ಕೂಡಲೇ, ಸಿಲಿಂಡರ್ ಇಡುವ ಮೊದಲೇ, ಸ್ಪ್ರಾಕೆಟ್ ತಿರುಗಿಸುತ್ತಾ ನಾಲ್ಕೂ ಗೇರ್ ಹಾಕಿ ನೋಡಿ. ಶಾಫ್ಟಿನ ವಾಷರ್ ಆಚೀಚೆಯಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಈ ಬೈಕಿನಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡುತ್ತದೆ. ಆ ಅಡ್ಜಸ್ಟ್‌ಮೆಂಟ್ ತಪ್ಪಿದ್ದರೂ ಗೇರ್ ಗಡುಸಾಗುತ್ತದೆ. ಅದನ್ನು ನೋಡದೆ ಪುನಃ ಎಂಜಿನ್ ಬಿಚ್ಚಬೇಡಿ.

ಪಿಸ್ಟನ್ ಇಳಿಸುವಾಗ

ಪ್ರತಿ ರಿಂಗಿನ ಬಾಯಿ ಪಿಸ್ಟನ್ನಿನ ಗಾಡಿಯಲ್ಲಿರುವ ಸಣ್ಣ ಪಿನ್ನಿಗೆ ಸರಿಯಾಗಿ ಬರಬೇಕು. ತಪ್ಪಿದರೆ ರಿಂಗು ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಪಿನ್ನಿನ ಲಾಕ್ ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿಡಿ, ಲಾಕ್ ಒಳಗೆ ಬಿದ್ದರೆ ಇಡೀ ಕೆಲಸ ಮತ್ತೆ ಮೊದಲಿನಿಂದ. ಹಳೇ ಲಾಕ್ ಬೇಡವೇ ಬೇಡ. ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಸ್ಟಾರ್ಟ್ ಆಯಿತು, ಆದರೆ...

ಬಿಳಿ ಹೊಗೆ ನಿಲ್ಲುತ್ತಿಲ್ಲ, ಗೇರ್ ಆಯಿಲ್ ಕಡಿಮೆಯಾಗುತ್ತಿದೆ ಎಂದರೆ ಕ್ಲಚ್ ಕಡೆಯ ಆಯಿಲ್ ಸೀಲ್ ನೋಡಿ. ಎಂಜಿನ್ ಗೇರ್ ಆಯಿಲನ್ನು ಒಳಗೆ ಎಳೆದು ಸುಡುತ್ತಿದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನೇ ಏರುತ್ತಿದ್ದರೆ ಡೈನಮೋ ಕಡೆಯ ಸೀಲಿನಿಂದಲೋ, ಕಾರ್ಬುರೇಟರ್ ಕೂರುವ ಜಾಗದಿಂದಲೋ ಗಾಳಿ ಹೋಗುತ್ತಿದೆ.

ಈ ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿ ಹೆಚ್ಚಾದರೆ ಪೆಟ್ರೋಲು ಕಡಿಮೆ, ಪೆಟ್ರೋಲಿನ ಜೊತೆ ಬರುವ ಆಯಿಲೂ ಕಡಿಮೆ. ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ಅಲ್ಲೇ ಲಾಕ್ ಆಗುತ್ತದೆ. ಶಿರಾಡಿ ಘಾಟಿಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಹೀಗಾದರೆ? ಬೈಕಿನ ಮಾತಿರಲಿ, ಸವಾರನ ಜೀವದ ಪ್ರಶ್ನೆ.

ಅದಕ್ಕೇ ಎಂಜಿನ್ ಫ್ರೇಮಿಗೆ ಏರಿಸುವ ಮೊದಲೇ ಒಂದು ಪರೀಕ್ಷೆ ಮಾಡಿಸಿ. ಕಾರ್ಬುರೇಟರ್ ಮತ್ತು ಸೈಲೆನ್ಸರಿನ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಕೈಪಂಪಿನಲ್ಲಿ 5-6 ಪೌಂಡ್ ಮಾತ್ರ ಗಾಳಿ ಹಾಕಿ, ಕೂಡುಜಾಗಗಳಿಗೆ ಸೋಪಿನ ನೀರು ಸವರಿ. ಗುಳ್ಳೆ ಎದ್ದಲ್ಲಿ ಸಂದಿ ಇದೆ. ಟಯರ್ ಪಂಕ್ಚರ್ ನೋಡುವಷ್ಟೇ ಸರಳ. ಸೀಲುಗಳು ಹೇಗೂ ಹೊಸವೇ ಇರಲಿ. ವರ್ಷಗಟ್ಟಲೆ ನಿಂತ ಬೈಕಿನ ರಬ್ಬರು ಗಟ್ಟಿಯಾಗಿರುತ್ತದೆ, ನಮ್ಮ ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದ ಶಾಫ್ಟು ಹೊಸ ಸೀಲನ್ನೂ ಹರಿಯುತ್ತದೆ. ಶಾಫ್ಟಿನ ಆ ಭಾಗ ನುಣುಪಾಗಿದೆಯೇ ಎಂದು ಬೆರಳಾಡಿಸಿ ನೋಡಿ.

ಕಿಕ್ ಹೊಡೆದಾಗ ಲಿವರ್ ಕಾಲಿಗೇ ತಿರುಗಿ ಬಡಿದರೆ ಟೈಮಿಂಗ್ ಮುಂದಾಗಿದೆ ಎಂದರ್ಥ. ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ. ಇಟ್ಟು, ಆಮೇಲೆ ಟೈಮಿಂಗ್ ಹೊಂದಿಸಿ. ಮೊದಲು ಟೈಮಿಂಗ್, ನಂತರ ಗ್ಯಾಪ್ ಎಂದರೆ ಟೈಮಿಂಗ್ ಕೆಡುತ್ತದೆ.

ನಮ್ಮ ಊರುಗಳಲ್ಲಿ ಈ ಎಂಜಿನ್ನನ್ನು ಶಬ್ದದಲ್ಲೇ ಗುರುತಿಸುವ ಹಿರಿಯ ಮೆಕ್ಯಾನಿಕ್ ಕಾಕಂದಿರು ಇನ್ನೂ ಇದ್ದಾರೆ. ಬಿಚ್ಚುವ ಮೊದಲೇ ಅವರನ್ನು ಕರೆಯಿರಿ, ಪ್ರತಿ ಹಂತದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ರಜೆ ಕಡಿಮೆಯಿದ್ದರೆ ಎಂಜಿನ್ ಬಿಚ್ಚದೆ ಹಾಗೇ ಇಡಿ. ಮುಂದಿನ ಸಲ ಬಂದಾಗಲೂ ಅದು ಇಡಿಯಾಗಿ ಅಲ್ಲೇ ಇರುತ್ತದೆ.