ಗೋಡೆಯ ಮೇಲಿನ ಸೊಳ್ಳೆಗೂ ಒಂದು ಭಾವಚಿತ್ರ

ಛಾಯಾಗ್ರಹಣದ ಹವ್ಯಾಸಕ್ಕೆ ಕಾಡುಮೇಡು ಅಲೆಯಬೇಕೆಂದೇನಿಲ್ಲ. ನಗರದ ಒಂದು ಕೋಣೆಯ ಮನೆಯಲ್ಲೂ ನೊಣ, ಇರುವೆ, ಸೊಳ್ಳೆಗಳಿಗೆ ಬರವಿಲ್ಲ. ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ಹೇನುಗಳ ಚಿತ್ರಗಳನ್ನು 1665ರಲ್ಲೇ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಪ್ರಕಟಿಸಿದ್ದರು. ಇಂದು ಆ ಕೆಲಸಕ್ಕೆ ಮ್ಯಾಕ್ರೋ ಲೆನ್ಸ್ ಇದೆ. ಅದು ದುಬಾರಿಯೆನಿಸಿದರೆ ಹಳೆಯ 50 ಮಿ.ಮೀ. ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗುಮುರುಗಾಗಿ ಜೋಡಿಸಿದರೂ ಆದೀತು. ಇಷ್ಟು ಹತ್ತಿರದಿಂದ ತೆಗೆಯುವಾಗ ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ಅದಕ್ಕೆಂದೇ ಫೋಕಸನ್ನು ತುಸುತುಸುವೇ ಸರಿಸಿ ಹತ್ತಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿಸುತ್ತಾರೆ.

ಇದು ಬರೀ ಚಂದಕ್ಕಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಕಪ್ಪು ಕಾಲಿನ ಬಿಳಿ ಪಟ್ಟೆಗಳು ಇಂಥ ಚಿತ್ರದಲ್ಲಿ ಎದ್ದು ಕಾಣುತ್ತವೆ. ಮೀಸೆ ಗರಿಯಂತೆ ಪೊದೆಯಾಗಿದ್ದರೆ ಅದು ಗಂಡು, ಕಚ್ಚುವುದಿಲ್ಲ. ಮೀಸೆಯ ಕೂದಲು ವಿರಳವಾಗಿದ್ದರೆ ಹೆಣ್ಣು. ಹಗಲಲ್ಲೇ ಕಚ್ಚುವ ಈ ಸೊಳ್ಳೆ ಹೂಕುಂಡದ ತಟ್ಟೆ, ಕೂಲರುಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುತ್ತದೆ. ಪಟ್ಟೆಕಾಲು ಕಂಡಿತೆಂದರೆ ಮೊದಲು ಆ ನೀರು ಚೆಲ್ಲಬೇಕು.

ಮಳೆಗಾಲಕ್ಕೆ ಮುನ್ನ ನಮ್ಮ ಸಂಘಗಳು ಮಕ್ಕಳಿಗೆ ಇಂಥ ಛಾಯಾಚಿತ್ರ ಸ್ಪರ್ಧೆ ಏರ್ಪಡಿಸಬಹುದು. ಸತ್ತ ಸೊಳ್ಳೆಯಾದರೂ ನಡೆದೀತು. ಕಲೆಯ ಜತೆಗೆ ಮನೆಮಂದಿಯ ಆರೋಗ್ಯವನ್ನೂ ಕಾಯ್ದಂತಾಗುವುದು.