ನಿಮಗಿದು ಗೊತ್ತೇ? ಒಡೆಯದ ಅಣೆಕಟ್ಟನ್ನು ಕಂಪ್ಯೂಟರ್‌ನಲ್ಲಿ ಒಡೆದು ನೋಡುತ್ತಾರೆ!

ಪುಣೆ ನಗರದ ಮೇಲ್ಗಡೆ ಒಂದೇ ದಿನ ಎರಡು ಅಣೆಕಟ್ಟುಗಳು ಒಡೆದಿದ್ದವು! ಅದು 1961ರ ಜುಲೈ 12. ಬೆಳಗ್ಗೆ ಪಾನ್‌ಶೇತ್‌ನ ಮಣ್ಣಿನ ಕಟ್ಟೆ ಕೊಚ್ಚಿಹೋಯಿತು. ಆ ನೀರಿನ ಹೊಡೆತಕ್ಕೆ ಕೆಳಗಿದ್ದ ಖಡಕ್‌ವಾಸ್ಲಾದ ಕಲ್ಲಿನ ಅಣೆಕಟ್ಟೂ ಅದೇ ದಿನ ಬಿರಿಯಿತು. ಅದಕ್ಕೆ ಆಗಲೇ ಎಂಟು ದಶಕಗಳ ವಯಸ್ಸು!

ಪಾನ್‌ಶೇತ್‌ಗೆ ಎಷ್ಟು ವಯಸ್ಸಾಗಿತ್ತು ಅಂತೀರಿ? ನೀರು ನಿಲ್ಲಿಸಿದ ಮೊದಲ ವರ್ಷವೇ ಅದು ಒಡೆದದ್ದು. ಕಟ್ಟುವ ಕೆಲಸವೇ ಪೂರ್ತಿ ಮುಗಿದಿರಲಿಲ್ಲ!

ಹಿಂದಿನ ರಾತ್ರಿ ಸೈನಿಕರು ಆ ಕಟ್ಟೆಯ ಮೇಲೆ ಮರಳಿನ ಚೀಲ ಪೇರಿಸಿದರು. ಕಟ್ಟೆ ಉಳಿಯಲಿಲ್ಲ, ನಿಜ. ಆದರೆ ಅದು ಒಡೆಯುವಷ್ಟರಲ್ಲಿ ಬೆಳಕು ಹರಿದಿತ್ತು. ಊರು ಮಲಗಿದ್ದಾಗ ಆ ನೀರು ಬಂದಿದ್ದರೆ? ಕೆಲವೇ ಗಂಟೆಗಳು ಎಷ್ಟು ಜೀವ ಉಳಿಸಿದವೋ!

ಈ ಖಡಕ್‌ವಾಸ್ಲಾಕ್ಕೂ ನಮಗೂ ನಂಟಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಮೊದಲು ಕೂರಿಸಿದ್ದು ಇಲ್ಲಿಯೇ. ನಮ್ಮ ಕೆ.ಆರ್.ಎಸ್.ಗೆ ಅವು ಬಂದದ್ದು ಆಮೇಲೆ!

ಅದೇ ಖಡಕ್‌ವಾಸ್ಲಾದಲ್ಲಿ ಈಗ ಅಣೆಕಟ್ಟುಗಳನ್ನು ಲೆಕ್ಕದಲ್ಲೇ ಒಡೆದು ನೋಡುತ್ತಾರೆ! 1916ರಲ್ಲಿ ಶುರುವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಇರುವುದು ಅಲ್ಲೇ. ಈ ಕೆಲಸಕ್ಕೆ ಎಂಜಿನಿಯರ್‌ಗಳು ಇಟ್ಟಿರುವ ಹೆಸರು ‘ಡ್ಯಾಂ ಬ್ರೇಕ್ ಸ್ಟಡಿ’.

ಲೆಕ್ಕದ ಬದಲು ಪುಟಾಣಿ ಮಾದರಿ ಕಟ್ಟಿ ನೋಡಿದರೆ ಸಮಯವೂ ಪುಟಾಣಿಯಾಗುತ್ತದೆ! ನೂರನೇ ಒಂದು ಅಳತೆಯ ಮಾದರಿ ನದಿ ಕಟ್ಟಿ ನೀರು ಬಿಡಿ. ನಿಜವಾದ ನದಿಯಲ್ಲಿ ಒಂದು ಗಂಟೆ ಹಿಡಿಯುವ ಪ್ರವಾಹ ಇಲ್ಲಿ ಆರೇ ನಿಮಿಷದಲ್ಲಿ ಮುಗಿಯುತ್ತದೆ!

ಲೆಕ್ಕ ಮಾಡುವ ಕಂಪ್ಯೂಟರ್ ಹೊಸದು, ಸೂತ್ರ ಮಾತ್ರ ಬಲು ಹಳೆಯದು. ಫ್ರಾನ್ಸಿನ ಸೇಂಟ್ ವೆನಾಂಟ್ 1871ರಲ್ಲೇ ಬರೆದಿಟ್ಟ ಸಮೀಕರಣಗಳನ್ನು ಇವತ್ತಿನ ತಂತ್ರಾಂಶಗಳೂ ಬಿಡಿಸುತ್ತಿವೆ. ಆಗಿನ್ನೂ ಮನೆಗಳಲ್ಲಿ ವಿದ್ಯುತ್ ದೀಪವೇ ಇರಲಿಲ್ಲ!

ಹತ್ತು ಮೀಟರ್ ಆಳದ ನೀರನ್ನು ತಡೆದ ಗೋಡೆ ತಟ್ಟನೆ ಮಾಯವಾದರೆ? ಒಣಗಿದ, ನುಣ್ಣನೆಯ, ಸಮತಟ್ಟಾದ ನೆಲದ ಮೇಲೆ ನೀರಿನ ಮುಂಚೂಣಿ ಗಂಟೆಗೆ 70 ಕಿ.ಮೀ. ದಾಟಿ ಓಡುತ್ತದೆ. 1892ರಲ್ಲಿ ರಿಟ್ಟರ್ ಕೊಟ್ಟ ಸೂತ್ರದ ಲೆಕ್ಕವಿದು. ಓಡಿ ಗೆಲ್ಲುವ ಮಾತೇ ಇಲ್ಲ!

ಅಣೆಕಟ್ಟು ಯಾವತ್ತು ಒಡೆಯುತ್ತದೆ ಅನ್ನುವುದನ್ನು ಕಂಪ್ಯೂಟರ್ ಮಾದರಿ ಹೇಳುವುದೇ ಇಲ್ಲ! ಬಿರುಕು ಎಷ್ಟು ಅಗಲ, ಎಷ್ಟು ಹೊತ್ತಿನಲ್ಲಿ ಬಾಯಿ ಬಿಡುತ್ತದೆ ಎಂದು ಎಂಜಿನಿಯರ್ ಮೊದಲೇ ಊಹಿಸಿ ಕೊಡಬೇಕು. ಆಮೇಲೆ ನೀರು ಯಾವ ಊರಿಗೆ, ಎಷ್ಟೊತ್ತಿಗೆ, ಎಷ್ಟು ಎತ್ತರ ಬರುತ್ತದೆ ಎಂದು ಅದು ಹೇಳುತ್ತದೆ.

ಬೆಟ್ಟ ಕಣಿವೆಗಳ ಎತ್ತರ ಅದಕ್ಕೆ ಹೇಗೆ ಗೊತ್ತು? 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಭೂಮಿಯ ಬಹುಪಾಲು ನೆಲವನ್ನು ರೇಡಾರ್‌ನಿಂದ ಅಳೆದು ತಂದಿತು. ಹಾರಾಟ ಬರೀ 11 ದಿನ! ಆ ಎತ್ತರದ ನಕ್ಷೆ ಇಂದಿಗೂ ಬಳಕೆಯಲ್ಲಿದೆ.

ಆದರೆ ಆ ನಕ್ಷೆಯ ಒಂದೊಂದು ಚೌಕ ಸುಮಾರು 30 ಮೀಟರ್. ನಿಮ್ಮ ಮನೆ, ಅಂಗಳ, ಪಕ್ಕದ ಓಣಿ ಎಲ್ಲಕ್ಕೂ ಸೇರಿ ಒಂದೇ ಎತ್ತರ! ಚೌಕವನ್ನು ಅರ್ಧಕ್ಕಿಳಿಸಿದರೆ ಲೆಕ್ಕ ಎರಡರಷ್ಟಾಗುವುದಿಲ್ಲ, ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ!

ಅದಕ್ಕೇ ಬೇಕು ಸೂಪರ್ ಕಂಪ್ಯೂಟರ್. 1991ರಲ್ಲಿ ‘ಪರಮ್ 8000’ ಕೊಟ್ಟ ಪುಣೆಯ ಸಿ-ಡ್ಯಾಕ್ ಸಂಸ್ಥೆ, ಒಡಿಶಾದ ಮಹಾನದಿಯ ಪ್ರವಾಹದ ಮುನ್ಸೂಚನೆಗೂ ಮಾದರಿ ಕಟ್ಟಿದೆ. ಆ ಮಾದರಿಯ ತಂತ್ರಾಂಶ ಹುಟ್ಟಿದ್ದು ದೂರದ ಆಸ್ಟ್ರೇಲಿಯಾದಲ್ಲಿ!

ಇನ್ನು ಬರೀ ನೀರಲ್ಲ, ಗುಡ್ಡವೇ ಹರಿದು ಬಂದರೆ? 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳಿಣ್ ಗ್ರಾಮ ಕೆಸರಿನಡಿ ಹೂತುಹೋಯಿತು. ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದು ಯಾರು ಗೊತ್ತೇ? ಎಂದಿನಂತೆ ಬಸ್ಸು ತಂದು, ಊರೇ ಕಾಣದೆ ದಂಗಾದ ಸರ್ಕಾರಿ ಬಸ್ಸಿನ ಚಾಲಕ!

ಸರಿಯಾಗಿ ಹತ್ತು ವರ್ಷಕ್ಕೆ, 2024ರ ಅದೇ ಜುಲೈ 30ರಂದು, ನಮ್ಮ ಗಡಿಯಾಚೆಯ ವಯನಾಡಿನಲ್ಲೂ ಗುಡ್ಡ ಕುಸಿಯಿತು. ತಾರೀಖು ಕೂಡ ಒಂದೇ!

ಇಂಥ ಹರಿವು ಕಲಸಿದ ಕಾಂಕ್ರೀಟಿನ ಹಾಗೆ ದಪ್ಪ. ವಿಚಿತ್ರ ನೋಡಿ, ಭಾರದ ಬಂಡೆಗಳು ಹಿಂದೆ ಉಳಿಯುವುದಿಲ್ಲ. ಮೇಲೆ ತೇಲಿ, ಮುಂದೆ ಬಂದು, ಮೊದಲು ಅವೇ ಬಡಿಯುತ್ತವೆ!

ಇದರ ಲೆಕ್ಕಕ್ಕೆ ತುಂಬ ಬಳಕೆಯಲ್ಲಿರುವ ಒಂದು ಸೂತ್ರ ಹುಟ್ಟಿದ್ದು ಹಿಮಕ್ಕಾಗಿ! 1955ರಲ್ಲಿ ಸ್ವಿಟ್ಜರ್ಲೆಂಡಿನ ಫೆಲ್ಮಿ ಹಿಮಕುಸಿತಕ್ಕೆಂದು ಬರೆದದ್ದು ಇಂದು ಕೆಸರಿಗೂ ಸಲ್ಲುತ್ತದೆ. ಅದರಲ್ಲಿ ಘರ್ಷಣೆಗೆ ಇರುವುದು ಎರಡೇ ಅಂಕಿ!

ಅಣೆಕಟ್ಟು ಒಡೆದು ನೋಡುವ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಉತ್ತರ ಯಾವುದು? ನೀರಿನ ಎತ್ತರವಲ್ಲ, ನೀರು ಬರುವ ಹೊತ್ತು! ಅರ್ಧ ಗಂಟೆ ಮೊದಲೇ ಗೊತ್ತಾದರೂ ಅಜ್ಜಿಯನ್ನು, ಮಕ್ಕಳನ್ನು ದಿಬ್ಬ ಹತ್ತಿಸಬಹುದು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳಿಗೆಲ್ಲ ತುರ್ತು ಕ್ರಿಯಾ ಯೋಜನೆ ಇರಲೇಬೇಕು. ಎಲ್ಲೆಲ್ಲಿ ನೀರು ನುಗ್ಗೀತು ಎಂಬ ನಕ್ಷೆ ಅದರ ಜೀವಾಳ. ನಿಮ್ಮ ಊರಿನ ಮೇಲ್ಗಡೆ ಅಣೆಕಟ್ಟು ಇದೆಯೇ? ಹಾಗಾದರೆ ಆ ನಕ್ಷೆಯಲ್ಲಿ ನಿಮ್ಮ ಬೀದಿ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ!